ಭಾಸ್ಕರಂ ಭಾವ ತೋರಿಸಿದ ಮೆದುಳು

ನಮ್ಮ ಭಾವ ಭಾಸ್ಕರಂಗೆ ಗೊತ್ತಿಲ್ಲದ ವಿಷಯವಿರಲಿಲ್ಲ. ಸರಿಯಾಗಿ ಗೊತ್ತಿದ್ದ ವಿಷಯವೂ ಇರಲಿಲ್ಲ. ಕಾಕಿನಾಡದ ತನ್ನ ಮಿಠಾಯಿ ಅಂಗಡಿಯಲ್ಲಿ ಕೂತು, ಕಾಜಾ ಕೊಳ್ಳಲು ಬಂದವರಿಗೆಲ್ಲ ಬುದ್ಧಿ ಹೇಳುತ್ತಿದ್ದ.

ಅವನ ಹೆಂಡತಿ, ನನ್ನ ಅಕ್ಕ ಸುವರ್ಚಲಾಗೆ ಗೀಳು ರೋಗ. ಗ್ಯಾಸ್ ಆರಿಸಿ ಬಂದರೂ, ಆರಿಸಿಲ್ಲವೇನೋ, ಮಲಗಿದ ಮಗು ಸುಟ್ಟುಹೋದೀತೇನೋ ಎಂಬ ಭಯ. ಮತ್ತೆ ಮತ್ತೆ ಹೋಗಿ ಒಲೆಯ ಗುಂಡಿ ತಿರುಗಿಸುವಳು. ಬೆರಳು ಬಾತುಕೊಂಡರೂ ಬಿಡಲಾಗದು. ಭಾವ ನೆಂಟರ ಮುಂದೆ ಅವಳ ಹಾಗೆಯೇ ಕೈ ತಿರುಗಿಸಿ ನಗಿಸುತ್ತಿದ್ದ. ನಗುತ್ತಿದ್ದ ನೆಂಟರೂ ಅವನ ತೂಕದವರೇ.

ವಿಶಾಖಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರ್ ಹೈಮವತಿ ಈ ಕಾಯಿಲೆಯವರ ಮೆದುಳನ್ನು ಅಧ್ಯಯನ ಮಾಡುತ್ತಿದ್ದರು. ಅಕ್ಕನ ತಲೆಯ ಸ್ಕ್ಯಾನ್ ಆಯಿತು. ಹೋಲಿಸಿ ನೋಡಲು ಕಾಯಿಲೆ ಇಲ್ಲದವರೂ ಬೇಕೆಂದಾಗ ಭಾವ ಎದೆಯುಬ್ಬಿಸಿದ.

"ಅಸಲಿ ಮೆದುಳು ಹೇಗಿರುತ್ತೆ ಅಂತ ನೋಡ್ಕೊಳ್ಳಿ ಡಾಕ್ಟರಮ್ಮಾ!"

ಇಬ್ಬರ ಚಿತ್ರಗಳೂ ಒಂದೇ ಲಕೋಟೆಯಲ್ಲಿ ಬಂದವು. ಹೆಸರಿಲ್ಲ, ಮೂಲೆಯಲ್ಲಿ ನಂಬರ್ ಮಾತ್ರ. ಭಾವ ಒಂದನ್ನು ಆರಿಸಿಕೊಂಡು, ಇದೇ ಹೆಂಡತಿಯದೆಂದು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ. ಆಮೇಲೆ ಅಕ್ಕನನ್ನೂ ಮಗುವನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದ.

"ನೋಡಿ ಅತ್ತೇ, ಹೇಗೆ ಸೊಟ್ಟಗಿದೆ! ಹುಟ್ಟಾ ಕೆಟ್ಟ ಮೆದುಳು. ಮಗು ನನ್ನ ಹತ್ರ ಇರ್ಲಿ, ನಿಮ್ಮ ಮಗಳನ್ನ ನೀವೇ ಇಟ್ಕೊಳ್ಳಿ."

ಅಮ್ಮ ಅಳತೊಡಗಿದಳು. ಅಕ್ಕ ತಲೆ ಎತ್ತಲಿಲ್ಲ. "ಡಾಕ್ಟರ್ ಬಾಯಲ್ಲೇ ಕೇಳೋಣ ನಡಿ ಭಾವ," ಎಂದು ನಾನು ಹೊರಡಿಸಿದೆ.

ಹೈಮವತಿ ಅವನ ಮಾತು ಪೂರ್ತಿ ಕೇಳಿದರು. "ನೂರಾರು ಜನರದ್ದು ಒಟ್ಟಿಗೆ ಅಳೆದ್ರೆ ಮೆದುಳಿನ ಕೆಲವು ಭಾಗಗಳಲ್ಲಿ ತುಸು ವ್ಯತ್ಯಾಸ ಕಾಣುತ್ತೆ. ಒಬ್ಬರದ್ದೇ ಚಿತ್ರ ನೋಡಿ ಈ ಕಾಯಿಲೆ ಇದೆ ಅಂತ ನಾನೂ ಹೇಳಲಾರೆ. ನಿಮಗೆ ಹೇಗೆ ಗೊತ್ತಾಯ್ತು?"

"ಕಣ್ಣಿಗೇ ಕಾಣುತ್ತಲ್ಲಾ ಮೇಡಂ, ಇಲ್ನೋಡಿ!"

ಅವರು ಮೂಲೆಯ ನಂಬರ್ ಓದಿ, ಕಂಪ್ಯೂಟರ್ ನೋಡಿದರು. "ಭಾಸ್ಕರಂ ಗಾರೂ, ಇದು ನಿಮ್ಮದು."

ಭಾವನ ಮುಖ ಬಿಳಿಚಿತು. "ನಂಗೇನಾದ್ರೂ ಆಗಿದ್ಯಾ?"

"ಏನಿಲ್ಲ. ಚೆನ್ನಾಗೇ ಇದೆ."

"ಉಪಯೋಗಿಸಿದ್ರೆ ತಾನೇ ಹಾಳಾಗೋದು," ಎಂದೆ ನಾನು.

ಅಕ್ಕ ನಮ್ಮಲ್ಲೇ ಉಳಿದಳು, ಮಗುವಿನೊಂದಿಗೆ. ಮಾತ್ರೆಯ ಜೊತೆಗೆ ಅಭ್ಯಾಸವೂ ಶುರುವಾಯಿತು: ಒಂದೇ ಸಲ ಆರಿಸಬೇಕು, ಹೊರಗೆ ಬಂದು ಭಯವನ್ನು ಸಹಿಸಬೇಕು. ಮೊದಮೊದಲು ಮೆಟ್ಟಿಲ ಮೇಲೆ ಬೆವರುತ್ತ, ಅಳುತ್ತ ಕೂರುತ್ತಿದ್ದಳು. ಕೆಲವು ತಿಂಗಳಲ್ಲಿ ಮಗುವನ್ನೆತ್ತಿಕೊಂಡು ಕಡಲ ತೀರಕ್ಕೆ ಹೋಗಿಬರುವಂತಾದಳು. ಭಯ ಪೂರ್ತಿ ಹೋಗಿಲ್ಲ. ಅದು ಹೇಳಿದಂತೆ ಅವಳು ಕುಣಿಯುವುದಿಲ್ಲ, ಅಷ್ಟೆ.

ಆಗ ಭಾವ ಕರೆಯಲು ಬಂದ. "ಆದದ್ದಾಯ್ತು, ಮನೆಗೆ ನಡಿ. ಆ ಚಿತ್ರದ ವಿಷ್ಯ ಮಾತ್ರ ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ? ಊರಿಗೆಲ್ಲ ನೀವೇ ತೋರಿಸಿದ್ದೀರಲ್ಲ," ಎಂದು ಅಕ್ಕ ಮಗುವಿಗೆ ಬೇಳೆ ಬೆರೆಸಿ ಪಪ್ಪನ್ನ ಕಲಸತೊಡಗಿದಳು.

ಕೂರಿ ಎಂದು ಅವನಿಗೆ ಯಾರೂ ಹೇಳಲಿಲ್ಲ.