ಏಳನೇ ನಂಬರಿನ ಗ್ಲೌಸು

ಅಂಚನ್ನು ಎರಡು ಸುತ್ತು ಸುರುಳಿ ಸುತ್ತಿ ಬಿಗಿಹಿಡಿದಾಗ, ಒಳಗೆ ಸಿಕ್ಕಿಬಿದ್ದ ಗಾಳಿಗೆ ರಬ್ಬರು ಗ್ಲೌಸಿನ ಐದೂ ಬೆರಳು ಉಬ್ಬಿ ನಿಂತವು. ಅವಳು ಅದನ್ನು ಮೊದಲು ಕಿವಿಯ ಹತ್ತಿರ ತಂದಳು, ಆಮೇಲೆ ಕೆನ್ನೆಗೆ. ಹೆಬ್ಬೆರಳು ಸರಿ. ತೋರುಬೆರಳು ಸರಿ. ನಡುಬೆರಳಿನ ತುದಿಯಿಂದ ಮಾತ್ರ, ಮಲಗಿದ ಕೂಸಿನ ಉಸಿರಿನಷ್ಟು ಸಣ್ಣಗೆ, ಗಾಳಿ ಕೆನ್ನೆಗೆ ತಾಗಿತು.

ನಂಬರು ನೋಡಿದಳು. ಏಳು, ಬಲಗೈಯದು. ಎರಡು ತಿಂಗಳಲ್ಲಿ ಇದು ಮೂರನೆಯ ಸಲ.

ವಿದ್ಯುತ್ ಕಂಪನಿಯ ಉಗ್ರಾಣದ ಹಿಂದಿನ ಈ ಕೋಣೆಯಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಲೈನ್‌ಮನ್‌ಗಳ ಗ್ಲೌಸು ಪರೀಕ್ಷಿಸುತ್ತಿದ್ದಾಳೆ. ಅವಳು ಮುದ್ರೆ ಒತ್ತಿದ ಗ್ಲೌಸಿಲ್ಲದೆ ಯಾರೂ ಕಂಬ ಹತ್ತುವಂತಿಲ್ಲ. ಸೂಜಿಮೊನೆಯಷ್ಟು ತೂತಿದ್ದರೂ ಸಾಕು, ಕರೆಂಟು ಬಾಗಿಲು ತಟ್ಟಿ ಒಳಗೆ ಬರುವುದಿಲ್ಲ. ಲೈನ್‌ಮನ್‌ಗಳು ಅವಳನ್ನು ಗಾಳಿಯಮ್ಮ ಎನ್ನುತ್ತಾರೆ. ಎದುರಿಗೇ ಎನ್ನುತ್ತಾರೆ, ಅವಳೂ ಓಗೊಡುತ್ತಾಳೆ.

ಏಳನೇ ನಂಬರು ಅವಳ ಭಾವನದು, ಅಕ್ಕನ ಗಂಡ. ಅಪ್ಪ ತೀರಿಕೊಂಡಾಗ ಅವಳಿಗೆ ಹನ್ನೊಂದು ವರ್ಷ. ಅಕ್ಕನ ಹಿಂದೆಯೇ ಅವರ ಮನೆಗೆ ಬಂದ ಅವಳನ್ನು ಓದಿಸಿದವರು, ಈ ಕೆಲಸದ ಅರ್ಜಿ ತಂದುಕೊಟ್ಟವರು ಅವರೇ. ಕಂಬ ಹತ್ತುವ ಚುರುಕಿಗೆ ಅವರಿಗೆ ಅಳಿಲಣ್ಣ ಎಂದೇ ಹೆಸರು.

ಭೂತಗನ್ನಡಿ ಹಿಡಿದು ನೋಡಿದಳು. ತಂತಿ ತಾಗಿದ್ದರೆ ಉದ್ದ ಗೀರು ಬಿದ್ದಿರಬೇಕಿತ್ತು. ಇದು ಹಾಗಿರಲಿಲ್ಲ. ಬೆರಳ ತುದಿಯ ಮೇಲೊಂದು, ಕೆಳಗೊಂದು, ಬಿಲ್ಲಿನಂತೆ ಬಾಗಿದ ಪುಟ್ಟ ಪುಟ್ಟ ತಗ್ಗುಗಳ ಸಾಲು. ಹಲ್ಲಿನವು.

ರಬ್ಬರಿನ ಮೇಲೆ ಹಾಕುವ ಚರ್ಮದ ಗ್ಲೌಸು ಕೊಡವಿದರೆ ಬೀಳುತ್ತದೆ. ಒಳಗಿನ ರಬ್ಬರು ಬೆವರಿಗೆ ಅಂಟಿಕೊಳ್ಳುತ್ತದೆ. ಬಲಗೈಯದನ್ನು ಎಡಗೈಯಿಂದ ಚಿವುಟಿ ಎಳೆಯಬೇಕು. ಎಡಗೈಯಲ್ಲಿ ಚಿವುಟಲು ಆಗದವನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾನೆ.

ಅವಳು ಭೂತಗನ್ನಡಿಯನ್ನು ಕೆಳಗಿಟ್ಟಳು.

"ಆಂಟಿ," ಎನ್ನುತ್ತ ಒಳಗೆ ಬಂದ ಹುಡುಗಿ "ಮೇಡಂ" ಎಂದು ತಿದ್ದಿಕೊಂಡಳು. ಪರಿಸರ ಮತ್ತು ಸಿಬ್ಬಂದಿ ಕ್ಷೇಮ ವಿಭಾಗದ ಹೊಸ ಅಧಿಕಾರಿ. "ಈ ವರ್ಷ ರಬ್ಬರು ಕಸ ಕಮ್ಮಿ ಮಾಡ್ತೀವಿ ಅಂತ ವರದೀಲಿ ಬರ್ದಿದೀವಿ. ನಿಮ್ಮ ರೂಮಿಂದೇ ಜಾಸ್ತಿ ಬರ್ತಿದೆ."

"ಗ್ಲೌಸು ಉಳಿಸಿ ಮನುಷ್ಯರನ್ನ ಕಸಕ್ಕೆ ಹಾಕೋಣ್ವಾ?"

ಹುಡುಗಿಗೆ ನಗು ಬಂತು. "ಅಯ್ಯೋ, ಹಾಗಲ್ಲ. ಯಾಕೆ ತೂತಾಗತ್ತೆ ಅಂತ ಗೊತ್ತಾದ್ರೆ ತಡೀಬಹುದಲ್ವಾ? ಏಳನೇ ನಂಬರು ಹೋದ ಎರಡು ಸಲಾನೂ 'ಕಾರಣ' ಅನ್ನೋ ಕಡೆ ಖಾಲಿ ಬಿಟ್ಟಿದೀರ. ಸಂಜೆ ಒಳಗೆ ತುಂಬಿಸಿ. ಮತ್ತೆ ಈ ಫಾರಂ. ಪರೀಕ್ಷೆಗೆ ಇನ್ನೊಬ್ಬರನ್ನ ಕೊಡ್ತೀವಿ ಅಂದ್ರೂ ಬೇಡ ಅಂತೀರಲ್ಲ?"

"ನನ್ನ ಕೆನ್ನೆಗೆ ಸಹಾಯಕರು ಬೇಕಿಲ್ಲಮ್ಮ."

"ಕಣ್ಣಿಗೆ?"

"ಅದೂ ಗಟ್ಟಿಯಾಗಿದೆ."

ಹುಡುಗಿ ಎರಡೂ ಹಾಳೆಗಳನ್ನು ಮುದ್ರೆಯ ಕೆಳಗೆ ಸಿಕ್ಕಿಸಿ ಹೋದಳು.

ಆ ಹುಡುಗಿ ಅತ್ತ ಹೋಗುತ್ತಿದ್ದಂತೆ ಭಾವ ಬಂದರು. "ಏನು ಮರಿ, ನನ್ನ ಗ್ಲೌಸು ಪಾಸೋ ಫೇಲೋ?"

"ಫೇಲು. ನಿಮ್ಮ ಶಾಲೆ ಲೆಕ್ಕದ ಹಾಗೆ."

"ನಿಮ್ಮಕ್ಕನ ಬಾಯಿಗೊಂದು ಬೀಗ ಹಾಕಿಸ್ಬೇಕು." ಬಗಲಿನಿಂದ ಫ್ಲಾಸ್ಕ್ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಸ್ವಲ್ಪ ಬಿಚ್ಚಿಕೊಡು. ಅವಳು ಮುಚ್ಚಿದ್ರೆ ಜಟ್ಟಿ ಬಂದ್ರೂ ತೆಗೆಯಕ್ಕಾಗಲ್ಲ."

ಮುಚ್ಚಳ ಮುಟ್ಟಿದ್ದೇ ತಡ ತಿರುಗಿತು. ಅವಳು ಎರಡು ಸಲ ತಿಣುಕಿದಂತೆ ಮಾಡಿ ಬಿಚ್ಚಿಕೊಟ್ಟಳು.

ಭಾವ ಬಲಗೈಯಲ್ಲಿ ಚಹಾ ಕುಡಿದರು. ಎಡಗೈ ಜೇಬಿನಲ್ಲಿತ್ತು.

"ಭಾವ, ಎಡಗೈ ಹೇಗಿದೆ?"

"ಯಾವ ಎಡಗೈ?"

"ನಿಮಗೆ ಎಷ್ಟಿವೆ?"

ಅವರು ನಕ್ಕರು. ನಗು ಅರ್ಧಕ್ಕೇ ನಿಂತಿತು. "ನಮ್ಮ ದಪ್ಪಣ್ಣ ಹೆಲ್ತ್ ಕ್ಯಾಂಪಲ್ಲಿ ಮಂಡಿನೋವು ಅಂದ. ಪಾಪ ಆರಾಮಾಗಿರ್ಲಿ ಅಂತ ವರಾಂಡದಲ್ಲಿ ಕುರ್ಚಿ ಹಾಕಿ ಕೂರಿಸಿದಾರೆ. ಮೂವತ್ನಾಲ್ಕು ವರ್ಷ ಕಂಬ ಹತ್ತಿದೋನು, ಈಗ ಬಂದೋರಿಗೆಲ್ಲ ಬಾತ್‌ರೂಮು ತೋರಿಸ್ತಾನೆ. ನಂಗೆ ರಿಟೈರಾಗಕ್ಕೆ ಇನ್ನೆರಡೇ ವರ್ಷ ಮರಿ. ಮೇಲೇ ಇದ್ದು ಇಳಿದುಬಿಡ್ತೀನಿ." ಲೋಟ ಕೆಳಗಿಟ್ಟರು. "ನಾಳೆ ಮಾರ್ಕೆಟ್ ಬೀದಿ ಕಂಬಗಳು. ಹೊಸ ಜೋಡಿ ಕೊಡ್ತೀಯಲ್ಲ?"

"ನೋಡ್ತೀನಿ."

ಅವರು ಅಂಗಳ ದಾಟುವುದನ್ನು ಅವಳು ಕಿಟಕಿಯಿಂದ ನೋಡಿದಳು. ಸೈಕಲ್ ಕಲಿಸಿದ ಭಾವ. ಸೀಟು ಹಿಡಿದು ಹಿಂದೆ ಓಡುತ್ತ "ಹಿಡ್ಕೊಂಡಿದೀನಿ, ಹಿಡ್ಕೊಂಡಿದೀನಿ" ಎನ್ನುತ್ತಿದ್ದರು. ಕೈ ಬಿಟ್ಟು ಎಷ್ಟು ದಿನವಾಗಿತ್ತೆಂದು ಇವತ್ತಿಗೂ ಹೇಳಿಲ್ಲ.

ಹಲ್ಲಿನ ಗುರುತು ಎಂದು ಬರೆದರೆ ಸಂಜೆಗೇ ವರಾಂಡದಲ್ಲಿ ಎರಡನೇ ಕುರ್ಚಿ. ತಂತಿ ತಾಗಿತು ಎಂದು ಬರೆದರೆ ನಾಳೆ ಮಾರ್ಕೆಟ್ ಬೀದಿಯ ಕಂಬದ ತುದಿಯಲ್ಲಿ ಹಿಡಿತವಿಲ್ಲದ ಕೈ, ಕೆಳಗೆ ಅಂಗಡಿಸಾಲು, ಮನೆಯಲ್ಲಿ ಫ್ಲಾಸ್ಕಿನ ಮುಚ್ಚಳವನ್ನು ಬೇಕೆಂದೇ ಸಡಿಲವಾಗಿ ಹಾಕಿ ಕಳಿಸಿದ ಅಕ್ಕ. ಅಕ್ಕನಿಗೂ ಗೊತ್ತು. ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ.

ಅವಳು ಕತ್ತರಿ ತೆಗೆದು, ಬೇಡವಾದ ಗ್ಲೌಸುಗಳಿಗೆ ಮಾಡುವಂತೆ, ಏಳನೇ ನಂಬರಿನ ಬೆರಳುಗಳನ್ನು ಕತ್ತರಿಸಿ ಡಬ್ಬಿಗೆ ಹಾಕಿದಳು. 'ಕಾರಣ' ಎಂಬಲ್ಲಿ ಬರೆದಳು: "ಕಳಚುವಾಗ ಆದದ್ದು." ಸುಳ್ಳೇನಲ್ಲ. ಭಾವನ ಹೊಸ ಜೋಡಿಗೆ "ಇನ್ನೂ ಪರೀಕ್ಷೆಯಾಗಬೇಕು" ಎಂಬ ಚೀಟಿ ಕಟ್ಟಿ, ಹಿಂದಿನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಗ್ಲೌಸಿಲ್ಲದವರು ನೆಲದ ಮೇಲೇ ನಿಂತು ಸಾಮಾನು ಎತ್ತಿಕೊಡಬೇಕು. ಎಷ್ಟು ದಿನವಾದರೂ ಸರಿ.

ಆಮೇಲೆ ಸಹಾಯಕರನ್ನು ಕೇಳುವ ಇನ್ನೊಂದು ಫಾರಂ ಎಳೆದುಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಒಂದು ತೂತೂ ಅವಳ ಕಣ್ಣು ತಪ್ಪಿಸಿಲ್ಲ. ಪೆನ್ನು ಸ್ವಲ್ಪ ಹೊತ್ತು ಹಾಳೆಯ ಮೇಲೇ ನಿಂತಿತು.

"ನನ್ನ ಕಣ್ಣು ಮೊದಲಿನ ಹಾಗಿಲ್ಲ," ಎಂದು ಬರೆದಳು. "ಪ್ರತಿ ಗ್ಲೌಸನ್ನೂ ಇನ್ನೊಬ್ಬರು ನೋಡುವುದು ಒಳ್ಳೆಯದು. ಮೂವತ್ತು ವರ್ಷವಾದರೂ ಕಂಬ ಹತ್ತಿದವರು ಬೇಕು. ರಬ್ಬರು ಎಲ್ಲಿ ಸವೆಯುತ್ತದೆ ಎಂಬುದು ಅವರಿಗೇ ಗೊತ್ತು."

ಸುರುಳಿ ತಾನು ಸುತ್ತಿದರಾಯಿತು. ಕೆನ್ನೆ ಕೊಡುವುದಕ್ಕೆ ಭಾವನಿಗೆ ಎಡಗೈ ಬೇಕಿಲ್ಲ. ಮಂಡಿಯೂ ಬೇಕಿಲ್ಲ, ದಪ್ಪಣ್ಣನೂ ಆಗಬಹುದು ಎಂದು ಹೊಳೆದದ್ದೇ, "ಎಷ್ಟು ಜನ" ಎಂಬಲ್ಲಿ ಬರೆದ ಒಂದನ್ನು ಹೊಡೆದು ಎರಡು ಮಾಡಿದಳು.

ಸಂಜೆ ಭಾವ ಬಾಗಿಲಲ್ಲಿ ಇಣುಕಿದರು. "ನಂದು ಆಯ್ತಾ ಮರಿ?"

"ನೋಡ್ತಾ ಇದೀನಿ ಭಾವ," ಎಂದಳು ಅವಳು. ಬೀರುವಿನ ಕೀಲಿ ಅಂಗೈಯಲ್ಲೇ ಇತ್ತು.