ಮಾಳದ ಮೇಲೆ ಆರು ವೋಲ್ಟು

ದಸರೆಗೆ ಖಾನಾಪುರದ ಹೊರಗಿನ ಮಾಳದಲ್ಲಿ ಗಾಡಾ ಶರ್ಯತ್ತು ನಡೆದರೆ ನೋಡುವವರಿಗೆ ಒಂದೇ ಕೊರತೆ. ಎತ್ತಿನ ಗಾಡಿಗಳು ಹೊರಡುವುದು ಕಾಣುತ್ತದೆ, ಮರಳಿ ಬರುವುದು ಕಾಣುತ್ತದೆ. ದಿಬ್ಬದಾಚೆ ಕೆಂಪು ನಿಶಾನಿ ಸುತ್ತಿ ತಿರುಗುವುದು ಮಾತ್ರ ಯಾರಿಗೂ ಕಾಣುವುದಿಲ್ಲ. ಗೆಲುವು, ಸೋಲು, ಜಗಳ ಎಲ್ಲ ಹುಟ್ಟುವುದು ಅಲ್ಲಿಯೇ. 1977ರಲ್ಲಿ ಹಲಸಿಯ ಸಾತಪ್ಪನ ಗಾಡಿ ನಿಶಾನಿಯನ್ನು ಸುತ್ತಿ ಬಂತೋ, ಅರ್ಧಕ್ಕೇ ಹೊರಳಿ ಬಂತೋ ಎಂದು ಬಡಿಗೆಗಳು ಮೇಲೆದ್ದಿದ್ದವು.

ಮರುವರ್ಷ ಕಾಶವ್ವ ದಿಬ್ಬದಾಚೆಗೆ ಫೋನು ಎಳೆದಳು.

ಬಸ್ ಸ್ಟ್ಯಾಂಡಿನ ಹತ್ತಿರ ಅವಳದು ಬ್ಯಾಟರಿ ಚಾರ್ಜಿಂಗ್ ಮತ್ತು ಮೈಕ್ ಸೆಟ್ ಅಂಗಡಿ. ಗಂಡ ತೀರಿಕೊಂಡ ಮೇಲೆ ಅವಳೇ ನಡೆಸುತ್ತಿದ್ದಳು. ಬೆಳಗಾವಿಯ ಕ್ಯಾಂಪಿನಲ್ಲಿ ಮಿಲಿಟರಿಯ ಹಳೆಯ ಸಾಮಾನು ಹರಾಜಾದಾಗ ಎರಡು ಫೋನು, ಒಂದು ದೊಡ್ಡ ಸುರುಳಿ ವಾಯರು ತಂದಿದ್ದಳು. ಆರು ವೋಲ್ಟಿನ ಒಂದು ಬ್ಯಾಟರಿ ಕಟ್ಟಿದರೆ ಎರಡೂ ಮಾತಾಡುತ್ತಿದ್ದವು. ನಿಶಾನಿಯ ಹತ್ತಿರ ಮೈದುನ ಮೈಲಾರಲಿಂಗ, ವೇದಿಕೆಯ ಮೇಲೆ ತಾನು. ಅವನು ಕಂಡದ್ದನ್ನು ಅವಳು ಮೈಕಿನಲ್ಲಿ ಹೇಳುವುದು.

ಶರ್ಯತ್ತು ಕಮಿಟಿಯ ಅಧ್ಯಕ್ಷ ಗುರುಪುತ್ರಪ್ಪ ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ. "ಕಾಶವ್ವಾ, ಕಡೀ ಓಟದ ತನಕ ನಿನ್ನ ಫೋನ್ ಮಾತಾಡಿದ್ರ ಈ ವರ್ಷದ ಎಲ್ಲಾ ಶರ್ಯತ್ತಿನ ಮೈಕು ನಿಂದ. ನಡುವ ಕೈ ಕೊಟ್ರ ದಿಗಂಬರಗ ಹೇಳಾಂವ ನಾ," ಎಂದಿದ್ದ.

ದಿಗಂಬರ ಬೆಳಗಾವಿಯ ರವಿವಾರ ಪೇಟೆಯವನು, ಮಾತಿನ ನಡುವೆ ಮರಾಠಿ ಬೆರೆಸುವವನು. ಸುತ್ತಲಿನ ಮದುವೆ, ಸಭೆ, ಶರ್ಯತ್ತು ಎಲ್ಲಕ್ಕೂ ಅವನದೇ ಸೌಂಡ್ ಸರ್ವಿಸ್ಸು. ಎತ್ತಿನ ಓಟದ ಹುಚ್ಚು ಬೇರೆ. ಅಂದು ಬೆಳಗ್ಗೆಯೇ ಮೋಟಾರ್ ಸೈಕಲ್ಲಿನ ಮೇಲೆ ಬಂದು ವೇದಿಕೆಯ ಮಗ್ಗುಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

ಬ್ಯಾಟರಿಯ ವಿಷಯದಲ್ಲಿ ಕಾಶವ್ವ ಬಲು ಕಟ್ಟುನಿಟ್ಟು. ತುಂಬಿದ ಬ್ಯಾಟರಿ ಸುಮ್ಮನೆ ಕೂತರೂ ಇಳಿಯುತ್ತದೆ. ಖಾಲಿಯಾದದ್ದನ್ನು ಹಾಗೆಯೇ ಬಿಟ್ಟರೆ ಒಳಗಿನ ಪ್ಲೇಟು ಬಿಳಚಿಕೊಂಡು ಸಾಯುತ್ತದೆ. ಹಾಗಾಗಿ ಸ್ಪೇರ್ ಬ್ಯಾಟರಿಗಳಿಗೂ ಅವಳ ಅಂಗಡಿಯಲ್ಲಿ ಪಾಳಿ ಇತ್ತು. ಕಟ್ಟಿಗೆಯ ಹಲಗೆಯ ಮೇಲೆ ಸಾಲಾಗಿ ಇಡುವುದು, ತುದಿಗಳಿಗೆ ಗ್ರೀಸು ಸವರುವುದು, ಒಳಗಿನ ನೀರು ಇಳಿದರೆ ಮಳೆನೀರು ತುಂಬುವುದು. ಅದೂ ಹಂಚಿನ ಮೇಲಿಂದ ಬಿದ್ದ ನೀರಲ್ಲ. ಬಯಲಿನಲ್ಲಿ ಬಿಳಿ ಧೋತರ ಕಟ್ಟಿ ಹಿಡಿದದ್ದು. ತುಂಬಿದ್ದಕ್ಕೆ ಹಸಿರು ದಾರ, ಖಾಲಿಗೆ ಕರಿ ದಾರ. ಕಣ್ಣು ಮುಚ್ಚಿ ಎತ್ತಿಕೊಂಡರೂ ತಪ್ಪುತ್ತಿರಲಿಲ್ಲ.

ತಪ್ಪಿದ್ದು ಆಯುಧಗಳಿಗೆ ಮಾಡುವ ಖಂಡೇ ಪೂಜೆಯಲ್ಲಿ. ಶರ್ಯತ್ತಿನ ಹಿಂದಿನ ದಿನ ಬ್ಯಾಟರಿಗಳನ್ನೆಲ್ಲ ದೇವರ ಮುಂದೆ ಇಟ್ಟಿದ್ದರು. ಪೂಜೆಗಿಟ್ಟದ್ದನ್ನು ಮರುದಿನ ಆರತಿ ಆಗುವ ತನಕ ಕದಲಿಸುವ ಪದ್ಧತಿ ಇಲ್ಲ. ಆರತಿ ಮುಗಿದು ಕಾಶವ್ವ ಬಗ್ಗಿ ನೋಡುತ್ತಾಳೆ, ಎಲ್ಲ ಬ್ಯಾಟರಿಗಳ ಕೊರಳಿಗೂ ಒಂದೇ ಅರಿಷಿಣ ದಾರ!

"ಅತ್ತಿ, ಇದೇನ್ ಮಾಡೀರಿ? ನನ್ನ ದಾರ ಎಲ್ಲಿ ಅದಾವು?"

"ದೇವರ ಮುಂದ ಇಡೂ ಸಾಮಾನಿಗಿ ಆ ಎಣ್ಣಿ ಹತ್ತಿದ ದಾರ ಏನ್ ಚೆಂದ ಕಾಣ್ತದ? ಹರದ ಒಗದೇನಿ," ಎಂದಳು ಅತ್ತೆ ಗೌರವ್ವ.

"ತುಂಬಿದ್ದು ಯಾವುದು, ಖಾಲಿ ಯಾವುದು ಈಗ?"

"ಇದ್ದಲ್ಲೇ ಇಟ್ಟೇನಿ ತಗೋ. ಬಲಕ್ಕಿದ್ದೂ ಬಲಕ್ಕ."

ಹೊರಗೆ ಮಾಳಕ್ಕೆ ಹೋಗುವ ಟ್ರ್ಯಾಕ್ಟರು ಹಾರ್ನ್ ಹೊಡೆಯುತ್ತಿತ್ತು. ಕಾಶವ್ವ ತುಂಬಿದವು ಇರುತ್ತಿದ್ದ ಬಲಗಡೆಯ ಎರಡನ್ನು ಎತ್ತಿ ಬುಟ್ಟಿಗಿಟ್ಟುಕೊಂಡಳು. ಆಸಿಡ್ಡಿನ ಕಸುವು ಅಳೆಯುವ ಗಾಜಿನ ಪಿಚಕಾರಿಯೂ ಬುಟ್ಟಿಯಲ್ಲಿತ್ತು. ಅದನ್ನು ಅದ್ದಿ ನೋಡಲಿಲ್ಲ. ಅತ್ತೆ ಹೇಳಿದರಲ್ಲ ಎಂದುಕೊಂಡಳು.

ಶರ್ಯತ್ತು ಶುರುವಾದ ಮೇಲೆ ಮಾಳವೇ ಕುಣಿಯಿತು. "ತಿರುಗಿತು! ಬಿಳೇ ಎತ್ತಿನ ಜೋಡಿ ತಿರುಗಿತು! ಹಿಂದಿನ ಗಾಡಿ ಅಗದೀ ಸಮೀಪ ಅದ!" ಎಂದು ಕಾಶವ್ವ ಮೈಕಿನಲ್ಲಿ ಕೂಗಿದಾಗ ಜನರ ತಲೆಯ ಪಟಗಗಳು ಗಾಳಿಯಲ್ಲಿ ಹಾರಿದವು. ಕಾಣದ ತಿರುವು ಕಿವಿಗೆ ಬಿದ್ದದ್ದು ಅದೇ ಮೊದಲು. ಒಂದೊಂದು ಓಟಕ್ಕೂ ಜನ ವೇದಿಕೆಯ ಸಮೀಪಕ್ಕೆ ಒತ್ತಿಕೊಂಡು ಬಂದರು. ದಿಗಂಬರ ಕೂಡ ಕುರ್ಚಿ ಬಿಟ್ಟೆದ್ದು ಬಂದ.

ಕೊನೆಯ ಓಟ ಹಲಸಿಯ ಸಾತಪ್ಪನಿಗೂ ಇಟಗಿಯ ಬಾಳಪ್ಪನಿಗೂ. ಗಾಡಿಗಳು ಗೆರೆಗೆ ಬರುವಷ್ಟರಲ್ಲಿ ಮೈಲಾರಲಿಂಗನ ದನಿ ಬಾವಿಯೊಳಗಿನಿಂದ ಬಂದಂತಾಯಿತು. ಬ್ಯಾಟರಿ ಸೋತಿತ್ತು. ಚಿಂತೆಯಿಲ್ಲ ಎಂದು ಕಾಶವ್ವ ಸ್ಪೇರ್ ಬ್ಯಾಟರಿ ಜೋಡಿಸಿದಳು. "ವೈನೀ..." ಎಂದು ಅತ್ತಿಗೆಯನ್ನು ಕರೆದದ್ದು ಒಮ್ಮೆ ಕೇಳಿಸಿತು, ಆಮೇಲೆ ಸದ್ದೇ ಇಲ್ಲ. ಪಿಚಕಾರಿ ಅದ್ದಿದಳು. ಒಳಗಿನ ತೇಲು ತಳಕ್ಕೆ ಹೋಗಿ ಕೂತಿತು. ಪೂರ್ತಿ ಖಾಲಿ! ಪೂಜೆಗೆ ಮೊದಲು ನೆಲ ಸಾರಿಸುವಾಗ ಅತ್ತೆ ಸಾಲು ಅದಲು ಬದಲು ಮಾಡಿರಬೇಕು. ಕೈಯಲ್ಲಿ ಪಿಚಕಾರಿ ಇಟ್ಟುಕೊಂಡು ಅತ್ತೆಯ ಮಾತಿನ ಭರವಸೆಯ ಮೇಲೆ ಬಂದ ತನ್ನನ್ನೇ ಬೈದುಕೊಂಡಳು. ಮೈಕಿನ ದೊಡ್ಡ ಬ್ಯಾಟರಿಗೇ ಫೋನು ಕಟ್ಟಿದರೆ ಗುಂಯ್ ಎನ್ನುವ ಸದ್ದಿನಲ್ಲಿ ಮಾತು ಮುಳುಗುತ್ತದೆ ಎಂಬುದನ್ನು ಮೊದಲೇ ನೋಡಿದ್ದಳು. ಅಂಗಡಿಗೆ ಹೋಗಿ ಬರುವ ತನಕ ಹೂಡಿದ ಎತ್ತು ನಿಲ್ಲುವುದಿಲ್ಲ.

"ಕಾಶಾಬಾಯಿ, ನಮ್ಮ ಕಂಪನಿಯಾಗ ಸ್ಪೇರಿಗೂ ಒಂದ ಸ್ಪೇರ್ ಇರ್ತದ ಬಘಾ," ಎಂದು ದಿಗಂಬರ ಮೀಸೆಯಲ್ಲಿ ನಕ್ಕ.

ಗುರುಪುತ್ರಪ್ಪ ಬಂದ. "ಏನವಾ, ಮುಗೀತೇನ?"

ಅಷ್ಟರಲ್ಲಿ ಸಾತಪ್ಪನಿಗೂ ಸುದ್ದಿ ಮುಟ್ಟಿ ಅವನು ಹಗ್ಗ ಬಿಗಿದು ಹಿಡಿದ. "ಫೋನ್ ಇಲ್ಲದ ನಾ ಓಡಸಾವಲ್ಲರಿ. ಹ್ವಾದ ವರ್ಷ ಕಳ್ಳ ಅನಿಸಿಕೊಂಡೇನಿ. ಮತ್ತ ಅನಿಸಿಕೊಳ್ಳಾಕ ಬಂದಿಲ್ಲ."

"ಹಂಗಾದ್ರ ಕಡೀ ಓಟ ರದ್ದು!" ಎಂದು ಯಾರೋ ಕೂಗಿದರು. ಮಾಳದ ತುಂಬ ಗುಲ್ಲೆದ್ದಿತು. ದಿಗಂಬರನ ನಗು ಅಲ್ಲಿಗೇ ನಿಂತಿತು.

"ರದ್ದು? ಖರೇ ಅಂತೀರೇನ್ರಿ? ಅಹೋ, ಈ ಜೋಡಿ ನೋಡಾಕಂತನ ನಾ ಬೆಳಗಾವಿಯಿಂದ ಬಂದೇನಿ!"

ಕಾಶವ್ವ ಅವನ ಮುಖ ನೋಡಿದಳು. ಅವನ ಹಿಂದೆ ಬೇವಿನ ಗಿಡಕ್ಕೆ ಆನಿಸಿದ್ದ ಮೋಟಾರ್ ಸೈಕಲ್ ನೋಡಿದಳು.

"ದಿಗಂಬರರಾವ್, ನಿಮ್ಮ ಗಾಡಿ ಬ್ಯಾಟರಿ ಆರು ವೋಲ್ಟಿಂದ ಹೌದಲ್ರಿ?"

ದಿಗಂಬರ ಒಂದು ಹೆಜ್ಜೆ ಹಿಂದೆ ಸರಿದ. "ವಾ ರೇ ವಾ! ನನ್ನ ಬ್ಯಾಟರಿ ಇಸಕೊಂಡ ನನ್ನ ಹೊಟ್ಟಿ ಮ್ಯಾಲ ಹೊಡೀತೀರಿ?"

"ಹೊಟ್ಟಿದು ನಾಳಿ ನೋಡೂಣ್ರಿ. ಓಟ ಇವತ್ತ ಅದ."

ಜನ ಹೋ ಎಂದು ನಕ್ಕರು. "ಕೊಡ್ರಿ ಸಾವಕಾರ್ರ!" "ಬಿಚ್ಚೋ ದಿಗಂಬರಾ!" ದಿಗಂಬರ ಗೆರೆಯ ಮೇಲೆ ಕಾಲು ಕೆದರುತ್ತಿದ್ದ ಎತ್ತುಗಳ ಕಡೆ ನೋಡಿದ, ವೇದಿಕೆಯ ಕಡೆ ನೋಡಿದ. ಹಾಳಾಗಿ ಹೋಗಲಿ ಎಂದು ಕೈ ಒದರಿ ಮೋಟಾರ್ ಸೈಕಲ್ಲಿನತ್ತ ಓಡಿದ. ಪಾನಾ ಹಿಡಿದು ಮೊಣಕಾಲೂರಿ ಅವನೇ ನಟ್ಟು ಬಿಚ್ಚಿದ. ಬ್ಯಾಟರಿಯನ್ನು ಎಳೆಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ.

ಕಾಶವ್ವ ತುದಿಗಳನ್ನು ಸೆರಗಿನಿಂದ ಒರೆಸಿ ವಾಯರು ಬಿಗಿದಳು.

"ವೈನೀ! ಏ ವೈನೀ! ಸತ್ತೀರೇನ ಎಲ್ಲಾರೂ ಅಲ್ಲಿ?" ಮೈಲಾರಲಿಂಗನ ದನಿ ಕಿವಿ ಹರಿಯುವಂತೆ ಬಂತು.

ಗುರುಪುತ್ರಪ್ಪನ ಕೈಯ ವಸ್ತ್ರ ಕೆಳಗೆ ಬಿತ್ತು. ಗಾಡಿಗಳು ಬಾಣದಂತೆ ಹಾರಿದವು. ಧೂಳು ಮುಗಿಲಿಗೆ ಏರಿತು, ದಿಬ್ಬ ಎರಡನ್ನೂ ನುಂಗಿತು. ಎಲ್ಲರ ಕಣ್ಣು ಕಾಶವ್ವನ ಮೇಲೆ.

"ಬಾಳಪ್ಪ ಮುಂದ! ಒಂದ ಗಾಡಿ ಮುಂದ!" ಕಾಶವ್ವನ ದನಿ ಮೈಕನ್ನೇ ಸೀಳಿತು. "ಬಾಳಪ್ಪನ ಗಾಡಿ ಸುತ್ತಿತು... ಅಗಲಾತು, ಭಾಳ ಅಗಲಾತು! ಸಾತಪ್ಪ ನಿಶಾನಿಗಿ ಹತ್ತಿಕೊಂಡ ತಿರಗ್ಯಾನ! ಗಾಲಿ ನಿಶಾನಿಯ ಹೊರಗಿಂದನ ಬಂತು, ನಿಶಾನಿ ನಿಂತದ! ಸರಿಸಮ ಅದಾರ, ಸರಿಸಮ!"

ದಿಗಂಬರ ಅವಳ ಕೈಯಲ್ಲಿನ ಫೋನಿಗೇ ಕಿವಿ ಹಚ್ಚಿ, "ಎಲ್ಲಿ? ಈಗ ಎಲ್ಲಿ ಅದಾರ?" ಎಂದು ಒದರುತ್ತಿದ್ದ. ಅಷ್ಟರಲ್ಲಿ ದಿಬ್ಬದ ನೆತ್ತಿಯ ಮೇಲೆ ನಾಲ್ಕು ಜೋಡಿ ಕೋಡು ಒಟ್ಟಿಗೇ ಎದ್ದವು. ಇಡೀ ಮಾಳ ಕಿರುಚಿತು. ಸಾತಪ್ಪನ ಎತ್ತುಗಳು ನೊಗದಷ್ಟು ಮುಂದಾಗಿ ಗೆರೆ ದಾಟಿದವು.

ಬಾಳಪ್ಪ ಗಾಡಿಯಿಂದ ಧುಮುಕಿ ನೆಟ್ಟಗೆ ವೇದಿಕೆಗೆ ಬಂದ. ಬಡಿಗೆ ಹಿಡಿದ ನಾಲ್ಕು ಮಂದಿ ಅವನ ಹಿಂದೆ. "ಸಾತಪ್ಪ ಹೊರಗಿಂದ ಬಂದದ್ದ ಖರೇನ?"

ಕಾಶವ್ವ ಫೋನನ್ನು ಅವನ ಕೈಗೇ ಕೊಟ್ಟಳು. ಬಾಳಪ್ಪ ಕೇಳಿದ. ಹೂಂ ಅಂದ, ಮತ್ತೆ ಹೂಂ ಅಂದ. ಆಮೇಲೆ ಹಿಂದೆ ತಿರುಗಿ, "ನಾನ ಅಗಲ ಹೊಡದೇನಿ. ಕೆಳಗ ಇಡ್ರಿ ಬಡಿಗಿ," ಎಂದವನು ಹೋಗಿ ಸಾತಪ್ಪನನ್ನು ಅಪ್ಪಿಕೊಂಡ.

ಗುರುಪುತ್ರಪ್ಪ ಮೈಕು ಎಳೆದುಕೊಂಡ. "ಈ ವರ್ಷದ ಎಲ್ಲಾ ಶರ್ಯತ್ತಿನ ಮೈಕೂ ಫೋನೂ ಖಾನಾಪುರದ ಕಾಶವ್ವಂದು!"

"ಬ್ಯಾಟರಿ ನಂದು ಅಂತನೂ ಹೇಳ್ರಿ ಅಧ್ಯಕ್ಷರ!" ಎಂದು ದಿಗಂಬರ ಕೂಗಿದ.

ಕಾಶವ್ವ ನಗುತ್ತಲೇ ವಾಯರು ಬಿಚ್ಚಲು ಬಗ್ಗಿದಳು. "ತಗೋರಿ ನಿಮ್ಮ ಬ್ಯಾಟರಿ, ದಿಗಂಬರರಾವ್. ನಿಮ್ಮ ಉಪಕಾರ ಮರೆಯಾಂಗಿಲ್ಲ."

ದಿಗಂಬರ ಅವಳ ಕೈ ತಡೆದ. "ಥಾಂಬಾ, ಥಾಂಬಾ! ಇಷ್ಟ ಲಗೂನ ಯಾಕ ಬಿಚ್ಚತೀರಿ?" ಫೋನು ಕಿವಿಗೆ ಒತ್ತಿಕೊಂಡು ನೆಲದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತ. "ಹಾಂ, ಮೈಲಾರಲಿಂಗ, ಈಗ ಹೇಳ್ರಿ. ಸಾವಕಾಶ ಹೇಳ್ರಿ. ಸಾತಪ್ಪ ಹೆಂಗ ತಿರಗಿದ?"