ಹತ್ತಕ್ಕೆ ಎಷ್ಟು

"ಇವತ್ತೂ ಕೈಕೊಡ್ತು," ಎಂದು ಧ್ರುವ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಹೊಸ ಪ್ರೋಗ್ರಾಮಿಂಗ್ ಭಾಷೆಯ ಮತ್ತೊಂದು ಆವೃತ್ತಿಯನ್ನು ಹಾಕಿಕೊಂಡದ್ದೇ ತಡ, ನಿನ್ನೆಯವರೆಗೆ ಓಡುತ್ತಿದ್ದ ಕೋಡ್ ಮುಷ್ಕರ ಹೂಡಿತ್ತು. ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಯಾವ ಕಂಟೇನರ್ ಯಾವ ಲಾರಿಗೆ ಎಂದು ಹೇಳುವ ತಂತ್ರಾಂಶ ಅವನ ತಂಡದ್ದು.

ತಂಡದ ಮುಖ್ಯಸ್ಥರಾದ ಮೈಸೂರಿನ ರಂಗನಾಥರು ಎಲ್ಲರನ್ನೂ ಮೇಜಿನ ಸುತ್ತ ಕರೆದರು.

"ಸಾಕಪ್ಪ ಈ ರಗಳೆ. ಈ ಭಾಷೆ ಇಟ್ಕೊಳ್ಳೋದಾ, ಹಳೇದಕ್ಕೆ ವಾಪಸ್ ಹೋಗೋದಾ, ಇವತ್ತೇ ತೀರ್ಮಾನ ಆಗ್ಲಿ. ಇದ್ರಲ್ಲಿ ಕೆಲಸ ಮಾಡೋಕೆ ಎಷ್ಟು ಖುಷಿ? ಹತ್ತಕ್ಕೆ ಹೇಳಿ."

ಧ್ರುವ ಐದು ಎಂದ. ಹಿರಿಯ ಸಹೋದ್ಯೋಗಿ ಶುಭಂಕರ್‌ದಾ ಬಂಗಾಳಿಯಲ್ಲಿ "ದುಯಿ" ಎಂದು ಎರಡು ಬೆರಳೆತ್ತಿದರು.

"ಪ್ರತೀಕ್ಷಾನ ಕೇಳೋದೇ ಬೇಡ," ರಂಗನಾಥರು ನಕ್ಕರು. "ದಿನಾ ಅದಕ್ಕೆ ಶಾಪ ಹಾಕ್ತಿರ್ತಾಳೆ. ಸೊನ್ನೆ ಅಂತ ಬರ್ಕೊಳ್ಳಲೇನಮ್ಮ?"

"ಸೊನ್ನೆಗಿಂತ ಕೆಳಗಿದ್ರೆ ಅದನ್ನೇ ಬರ್ಕೊಳ್ಳಿ ಸರ್," ಎಂದ ಧ್ರುವ.

ಶಪಿಸುತ್ತಿದ್ದುದು ನಿಜ. ಮೀಟಿಂಗಿನಲ್ಲಿ ತುಟಿ ಬಿಚ್ಚದ ಪ್ರತೀಕ್ಷಾ ಪರದೆಯೆದುರು ಗೊಣಗುತ್ತಲೇ ಇರುತ್ತಿದ್ದಳು. ಆ ಗೊಣಗಾಟವನ್ನೇ ಭಾಷೆ ಕಟ್ಟುವವರಿಗೆ ಬರೆದು ಕಳಿಸುತ್ತಿದ್ದಳು. ಯಾವುದೋ ದೇಶದ ಅಪರಿಚಿತರು ಉತ್ತರಿಸುತ್ತಿದ್ದರು, ವಾದಿಸುತ್ತಿದ್ದರು. ಒಮ್ಮೆ ಅವಳು ಹೇಳಿದಂತೆಯೇ ತಿದ್ದಿಯೂ ಇದ್ದರು. ಆ ಸಂಜೆ ಬಸ್ಸಿನಲ್ಲಿ ಕೊನೆಯ ನಿಲ್ದಾಣದವರೆಗೆ ನಿಂತೇ ಹೋದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ಎಂಟು, ಸರ್."

ಎಲ್ಲರೂ ಅವಳತ್ತ ತಿರುಗಿದರು.

"ಮತ್ತೆ ಆ ಬೈಗುಳ?" ಎಂದರು ರಂಗನಾಥರು.

"ಹಳೇದನ್ನ ನಾನು ಯಾವತ್ತೂ ಬೈದಿಲ್ಲ ಸರ್." ಅವಳು ಕುರ್ಚಿಯಂಚಿಗೆ ಸರಿದಳು. "ಬೈದ್ರೆ ಸರಿಹೋಗುತ್ತೆ ಅನ್ಸಿದ್ರೆ ತಾನೇ ಬೈಯೋದು? ಇದಿನ್ನೂ ಬೆಳೀತಾ ಇದೆ. ಈಗ ಬಿಡಬೇಡಿ, ಪ್ಲೀಸ್."

"ಬೆಳೀಲಮ್ಮ, ಬೇಡ ಅನ್ನಲ್ಲ. ಆದ್ರೆ ಅದು ಬಿದ್ದಾಗೆಲ್ಲ ಹಡಗುಕಟ್ಟೆಯವರ ಬಾಯಿಗೆ ಸಿಕ್ಕೋನು ನಾನು. ಇನ್ಮೇಲೆ ಅವರ ಫೋನಿಗೆ ನೀನು ಉತ್ತರ ಹೇಳ್ತೀಯಾ? ಹೇಳೋದಾದ್ರೆ ಇಟ್ಕೊಳ್ಳೋಣ."

ಅಮ್ಮನ ಫೋನೊಂದನ್ನು ಬಿಟ್ಟು ಮಿಕ್ಕೆಲ್ಲ ಕರೆಗಳಿಗೆ ಮೆಸೇಜಿನಲ್ಲೇ ಉತ್ತರಿಸುವವಳು ಅವಳು. ಇದು ತಂಡಕ್ಕೆಲ್ಲ ಗೊತ್ತಿದ್ದ ಸಂಗತಿ.

"ಹೂಂ ಅನ್ಬೇಡ ಕಣೇ, ಸರಿಯಾಗಿ ಉಗೀತಾರೆ," ಎಂದು ಧ್ರುವ ಪಿಸುಗುಟ್ಟಿದ.

ಅಷ್ಟರಲ್ಲಿ ರಂಗನಾಥರ ಮೊಬೈಲು ಮೇಜಿನ ಮೇಲೆ ನಡುಗತೊಡಗಿತು. ಪರದೆಯಲ್ಲಿ ಖಿದಿರ್‌ಪುರದ ಏಜೆಂಟರ ಹೆಸರಿತ್ತು. ರಂಗನಾಥರು ಅದನ್ನು ಮುಟ್ಟಲಿಲ್ಲ.

ಪ್ರತೀಕ್ಷಾ ಎತ್ತಿಕೊಂಡಳು. ಆ ಕಡೆಯ ಕೂಗಾಟ ಎಲ್ಲರಿಗೂ ಕೇಳಿಸಿತು, ಅದರ ಹಿಂದೆ ಲಾರಿಗಳ ಹಾರ್ನು. "ಹಾಂ ದಾದಾ, ಬೋಲಿಯೇ," ಎಂದಳು. ದನಿ ಅರ್ಧದಲ್ಲೇ ಒಡೆಯಿತು. ಏಜೆಂಟರು ಉಸಿರು ತೆಗೆದುಕೊಳ್ಳುವವರೆಗೂ ಕಾದಳು. ಆಮೇಲೆ ಇನ್ನೊಂದು ಕೈಯಿಂದ ಲ್ಯಾಪ್‌ಟಾಪನ್ನು ಹತ್ತಿರಕ್ಕೆಳೆದುಕೊಂಡು, ನಿಂತಿರುವುದು ಯಾವ ಲಾರಿ ಎಂದು ಕೇಳಿದಳು.